ಎಳೆಯುವ ನಾಯಿ

ನಾಯಿ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಬಾಗಿಲ ಬಳಿ ನಿಂತಿತು. ದಿನವೂ ಕರೆದೊಯ್ಯುತ್ತಿದ್ದವನು ಸತ್ತಿದ್ದಾನೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಒಲೆಯ ಮೇಲೆ ಹಾಲು ಉಕ್ಕಿತು, ಎಂದಿನಂತೆ.

ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡಿದ್ದ ಮಾವ ಸೊಸೆಯತ್ತ ತಿರುಗಿದರು. ಕೆಲಸವಿಲ್ಲದೆ ಯಾರೂ ಹೊಸ್ತಿಲು ದಾಟಬಾರದು ಎಂಬುದು ಆ ಮನೆಯ ಕಾನೂನು. ಯಾವುದು ಕೆಲಸ ಎಂದು ತೀರ್ಮಾನಿಸುವುದು ಆ ಕುರ್ಚಿ. ಅವಳ ಎಂ.ಎ. ಅಲ್ಲಿ ಪಾಸಾಗಿರಲಿಲ್ಲ.

“ಈ ನಾಯೀನ ಇವತ್ತೇ ಅವನ ಗೆಳೆಯನಿಗೆ ವಾಪಸ್ ಕೊಟ್ಟು ಬಾ. ಹಗ್ಗ ಎಳೆಯದೆ ನಡೆಯೋಕೆ ಕಲಿಸಿ ಕೊಡ್ತೀನಿ ಅಂತ ತಂದು ಕಟ್ಟಿಕೊಂಡ. ಇನ್ನು ಕಲಿಸೋರು ಯಾರು? ಕೊಟ್ಟು ಬಂದ ಮೇಲೆ ನಿನಗೂ ಹೊರಗೇನೂ ಕೆಲಸ ಇರಲ್ಲ.”

“ಹಾಳಾದ್ದು! ನನ್ನ ಮಗನ್ನ ಬೀದಿಬೀದಿ ಎಳೆದಾಡಿ ಹಣ್ಣು ಮಾಡ್ತು!” ಅತ್ತೆ ಒಳಗಿನಿಂದ ಕೂಗಿದರು. ನಾಯಿಯನ್ನು ಬೈಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

ಅವನು ದಿನವೂ ತಡವಾಗಿಯೇ ಬರುತ್ತಿದ್ದ, ಪ್ಯಾಂಟಿಗೆ ಮಣ್ಣು ಮೆತ್ತಿಕೊಂಡು. “ಇವತ್ತೂ ಕೆಡವಿತು” ಎನ್ನುತ್ತಿದ್ದ. ಆ ಪ್ಯಾಂಟನ್ನು ಅತ್ತೆ ತಾವೇ ಒಗೆಯುತ್ತಿದ್ದರು. ಸೊಸೆಯ ಕೈಗೂ ಕೊಡುತ್ತಿರಲಿಲ್ಲ.

ಅವಳು ಹಗ್ಗವನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡು ಹೊರಟಳು. ತಿರುವಿನಲ್ಲಿ ಬೆಕ್ಕೊಂದು ಅಡ್ಡ ಓಡಿತು. ಅವಳು ಹಲ್ಲು ಕಚ್ಚಿ ನಿಂತಳು. ನಾಯಿಯೂ ನಿಂತು ಅವಳ ಮುಖ ನೋಡಿತು. ಬಸ್ಸು ಹಾರ್ನ್ ಹೊಡೆಯಿತು. ಬೀದಿನಾಯಿಗಳು ಮೇಲೆ ಬಿದ್ದು ಬೊಗಳಿದವು. ಹಗ್ಗ ಒಮ್ಮೆಯೂ ಬಿಗಿಯಲಿಲ್ಲ.

ಗೆಳೆಯನದು ಸೈಕಲ್ ರಿಪೇರಿ ಅಂಗಡಿ. ಇನ್ನು ಕಲಿಸುವವರಿಲ್ಲ ಎಂದು ಅವಳು ಹೇಳಿದ್ದು ಕೇಳಿ ಟ್ಯೂಬು ಕೆಳಗಿಟ್ಟು ಎದ್ದ.

“ಇದಕ್ಕೆ ಕಲಿಸೋದಾ ಅತ್ತಿಗೆ? ಮರಿಯಾಗಿದ್ದಾಗ್ಲೇ ನಾನು ಕಲಿಸಿದ್ದೀನಿ. ಎಳೆಯೋದು ಅಂದ್ರೇನು ಅಂತ್ಲೇ ಇದಕ್ಕೆ ಗೊತ್ತಿಲ್ಲ.” ಗೋಡೆ ಪಕ್ಕದ ಬೆಂಚು ತೋರಿಸಿದ. “ದಿನಾ ಅಲ್ಲಿ ಕೂತು ಸುಮ್ನೆ ರಸ್ತೆ ನೋಡ್ತಿದ್ದ. ಉಸಿರಾಡೋಕೆ ಬಂದೆ ಕಣೋ ಅಂತಿದ್ದ. ಹೊರಡುವಾಗ ಒಂದಿಷ್ಟು ಮಣ್ಣು ಬಳಿದುಕೊಂಡು, ಈಗ ಬಿದ್ದವನ ಥರ ಕಾಣ್ತೀನಾ ಅಂತ ಕೇಳೋನು.”

ನಗಲು ಹೋಗಿ ಮುಖ ತಿರುಗಿಸಿದ.

ಅವಳು ಆ ಬೆಂಚಿನ ಮೇಲೆ ಕೂತಳು. ತನ್ನ ಪಕ್ಕದಲ್ಲೇ ಮಲಗುತ್ತಿದ್ದವನಿಗೂ ಉಸಿರು ಕಟ್ಟುತ್ತಿತ್ತು. ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ. ನಾಯಿ ಅವಳ ಪಾದದ ಮೇಲೆ ಗದ್ದ ಊರಿತು.

ಬಹಳ ಹೊತ್ತಾದ ಮೇಲೆ ಎದ್ದು ಹಗ್ಗ ಬಿಚ್ಚಿದಳು. “ಈ ಹಗ್ಗ ಅವರು ನಿಮ್ಮಿಂದ ತಂದಿದ್ದು, ವಾಪಸ್ ತಗೊಳ್ಳಿ. ನಾಯಿ ನನ್ನ ಹತ್ರ ಇರಲಿ. ದಪ್ಪ ಸರಪಳಿ ಇದ್ರೆ ಕೊಡಿ.”

ಮನೆಯಲ್ಲಿ ಕುರ್ಚಿ ಕಾಯುತ್ತಿತ್ತು.

“ಹಗ್ಗಾನೇ ಕಿತ್ತು ಹಾಕ್ತು, ಮಾವ. ಕಲಿಸದೆ ವಾಪಸ್ ತಗೊಳ್ಳಲ್ವಂತೆ. ನಿಮ್ಮ ಮಗ ಮಾತು ಕೊಟ್ಟಿದ್ರಂತೆ.”

ಮಾವ ಸರಪಳಿ ನೋಡಿದರು. ಅವಳ ಎಡ ಮೊಣಕಾಲ ಬಳಿ ಬಟ್ಟೆಗೆ ಮೆತ್ತಿದ್ದ ಮಣ್ಣು ನೋಡಿದರು. ಮನೆತನದ ಮಾತಿನ ಪ್ರಶ್ನೆ. ಕುರ್ಚಿ ಕರಕರ ಸದ್ದು ಮಾಡುತ್ತ ಪಕ್ಕಕ್ಕೆ ಸರಿಯಿತು. “ಹಾಗಾದ್ರೆ ದಿನಾ ಹೋಗಿ ಕಲಿಸು.”

“ಹಾಳಾದ್ದು ಮತ್ತೆ ಬಂತಾ!” ಅತ್ತೆ ಗಟ್ಟಿಯಾಗಿ ಕೂಗುತ್ತಲೇ ಸೊಸೆಯನ್ನು ಬಚ್ಚಲಿನತ್ತ ಎಳೆದುಕೊಂಡರು. ಹೂಕುಂಡದಿಂದ ಹಿಡಿ ಒದ್ದೆ ಮಣ್ಣು ತೆಗೆದು ಅವಳ ಬಲ ಮೊಣಕಾಲಿಗೆ ಒತ್ತಿ ಸವರಿದರು.

“ಬಿದ್ದರೆ ಎರಡಕ್ಕೂ ಮೆತ್ತುತ್ತೆ ಕಣೇ,” ಎಂದು ಪಿಸುಗುಟ್ಟಿದರು. “ಅವನಿಗೂ ಮೊದಲ ದಿನ ಇದನ್ನೇ ಹೇಳಿಕೊಟ್ಟಿದ್ದೆ.”