ಗಾಜಿನ ಕೋಣೆಯ ಸುಟ್ಟ ವಾಸನೆ

ಮತ್ತೆ ಅದೇ ವಾಸನೆ. ಟೋಸ್ಟಿನ ತಟ್ಟೆ ಹಿಡಿದಿದ್ದ ಶಿಜುಯೊ ಗಾಜಿನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಕಾಗದ ಸುಟ್ಟಂಥ ಘಾಟು. ಒಳಗಿದ್ದವನು ಒಬ್ಬನೇ, ಮುದುಕ ಇನುಕಾಯ್.

ನಗೊಯಾದ ಆ ಕಾಫಿ ಅಂಗಡಿ ಬದುಕಿದ್ದದ್ದೇ ಈ ಕೋಣೆಯಿಂದ. ಪುಟ್ಟ ಯಂತ್ರದಲ್ಲಿ ತಂಬಾಕು ಬಿಸಿಮಾಡಿ ಸೇದುವವರು ಇಲ್ಲಿ ಕಾಫಿ, ಮೊಟ್ಟೆಯ ಜೊತೆ ಕೂರಬಹುದು. ಬೆಂಕಿ ಹಚ್ಚುವ ಸಿಗರೇಟು ಮಾತ್ರ ಕೂಡದು. ಯಾರಾದರೂ ದೂರು ಕೊಟ್ಟರೆ ಕೋಣೆಗೆ ಬೀಗ. ಕೋಣೆ ಹೋದರೆ ಅಂಗಡಿಯೂ ಹೋಯಿತು. ಆಮೇಲೆ ಐವತ್ತೆಂಟರ ಶಿಜುಯೊಗೆ ಕೆಲಸ ಕೊಡುವವರು ಯಾರು?

ಬಿಸಿ ತಂಬಾಕಿಗೆ ಹುರಿದ ಜೋಳದ ವಾಸನೆ. ಇದು ಅದಲ್ಲ. ಮೇಜಿನ ಕೆಳಗೆ ಬೂದಿಯಿಲ್ಲ, ತುಂಡಿಲ್ಲ. ಮುದುಕ ಪಳಗಿದ ಕಳ್ಳ ಎಂದುಕೊಂಡಳು. ರೈಲಿನಲ್ಲಿ, ಮನೆಯಲ್ಲಿ, ಸ್ನಾನ ಮಾಡುವಾಗಲೂ ಆ ಘಾಟು ಮೂಗು ಬಿಡುತ್ತಿರಲಿಲ್ಲ. ಸಮವಸ್ತ್ರವನ್ನು ಎರಡೆರಡು ಬಾರಿ ಒಗೆದಳು, ಮುದುಕನಿಗೆ ಶಾಪ ಹಾಕಿದಳು.

ಮಾಲೀಕ ಕುರಾಮೊಚಿಗೆ ಏನೂ ತಿಳಿಯುತ್ತಿರಲಿಲ್ಲ. “ಕಾಫಿ ಹುರಿದೂ ಹುರಿದೂ ನನ್ನ ಮೂಗು ಸತ್ತೋಗಿದೆ. ನಿಮ್ಮ ಮೂಗು ಹೇಳಿದ್ದೇ ತೀರ್ಪು,” ಎಂದ.

ಅದು ಅಮ್ಮನಿಂದ ಬಂದ ಮೂಗು. ಸಾಯುವ ವರ್ಷವೂ ಅಮ್ಮ ಏನೋ ಸೀದಿದೆ ಎಂದು ನಿಮಿಷಕ್ಕೊಮ್ಮೆ ಎದ್ದು ಒಲೆ ನೋಡಿ ಬರುತ್ತಿದ್ದಳು. ಬೇರೆ ಯಾರಿಗೂ ಆ ವಾಸನೆ ತಿಳಿಯುತ್ತಿರಲಿಲ್ಲ. ಅಂಥ ಚುರುಕು ಮೂಗೆಂದು ಶಿಜುಯೊಗೆ ಹೆಮ್ಮೆ.

ಹೆಂಡತಿ ಸತ್ತ ಮೇಲೆ ಇನುಕಾಯ್‌ಗೆ ಇದ್ದದ್ದು ಆ ಮೂಲೆಯ ಕುರ್ಚಿಯೊಂದೇ. ಇಡೀ ದಿನಕ್ಕೆ ಅವನು ಮಾತಾಡುತ್ತಿದ್ದದ್ದೂ ಶಿಜುಯೊ ಜೊತೆ ಮಾತ್ರ. ಅವಳಿಗೂ ಅದು ಗೊತ್ತಿತ್ತು. ಆದರೂ ಹೇಳಿದಳು.

“ಇನುಕಾಯ್ ಸಾನ್, ಬೇಜಾರು ಮಾಡ್ಕೋಬೇಡಿ. ಸಿಗರೇಟನ್ನ ಹೊರಗಡೆ ಸೇದಿದ್ರೆ ನಮಗೂ ಒಳ್ಳೇದು, ನಿಮಗೂ ಒಳ್ಳೇದು.”

ಮುದುಕ ಎದ್ದ. ಸೊಂಟದವರೆಗೆ ಬಾಗಿದ. “ನನ್ನಿಂದ ನಿಮಗೆ ತೊಂದ್ರೆ ಆಯ್ತಲ್ಲಮ್ಮ. ತಪ್ಪಾಯ್ತು.”

ಇಲ್ಲ ಎನ್ನಲಿಲ್ಲ, ವಾದಿಸಲಿಲ್ಲ. ಮರುದಿನ ಅವರೆ ಹೂರಣದ ಸಿಹಿತಿಂಡಿಯ ಪೊಟ್ಟಣ ತಂದು ಗಲ್ಲಾದ ಮೇಲಿಟ್ಟು, ಮತ್ತೊಮ್ಮೆ ಬಾಗಿ ಹೊರಟುಹೋದ. ಆಮೇಲೆ ಬರಲೇ ಇಲ್ಲ. ತಪ್ಪು ಮಾಡದವನು ಇಷ್ಟು ಬಾಗುತ್ತಾನೆಯೇ ಎಂದುಕೊಂಡಳು ಶಿಜುಯೊ. ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುವ ಊರು ಅದು. ಆ ಹೊತ್ತಿಗೆ ಅವಳಿಗೆ ಅದು ನೆನಪಾಗಲಿಲ್ಲ.

ಹತ್ತು ದಿನವಾದ ಮೇಲೆ, ಬುಧವಾರದ ರಜೆಯಲ್ಲಿ, ಕೋಣೆಯನ್ನು ತೊಳೆಯಲು ಅವಳೊಬ್ಬಳೇ ಬಂದಳು. ಗೋಡೆ ಉಜ್ಜಿದಳು. ಮೂಲೆಯ ಕುರ್ಚಿಯನ್ನು ಸೋಪು ಹಾಕಿ ಒರೆಸಿದಳು. ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಒಳಗೆ ಚಳಿಗಾಳಿ ಬೀಸುತ್ತಿತ್ತು.

ಆಗ ಬಂತು, ಹಿಂದೆಂದಿಗಿಂತ ಜೋರಾಗಿ, ಕಾಗದ ಸುಟ್ಟ ಘಾಟು.

ಶಿಜುಯೊ ಮೂಗು ಮುಚ್ಚಿಕೊಂಡಳು. ವಾಸನೆ ಹೋಗಲಿಲ್ಲ.

ಗೆಡ್ಡೆ ಕಾಣುತ್ತಿದ್ದ ಅಮ್ಮನ ಮೆದುಳಿನ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರು ಕೇಳಿದ್ದ ಮೊದಲ ಪ್ರಶ್ನೆ ಅವಳಿಗೆ ಈಗ ನೆನಪಾಯಿತು: “ಇವರಿಗೆ ಸುಟ್ಟ ವಾಸನೆ ಬರೋಕೆ ಶುರುವಾಗಿ ಎಷ್ಟು ದಿನ ಆಯ್ತು?”