ಆಫೀಸಿಗೂ ಆಟಕ್ಕೂ ಒಂದೇ ಪರದೆ

“ಆಫೀಸಿಗೂ ಆಗಬೇಕು, ಗೇಮ್ ಆಡೋದಕ್ಕೂ ಆಗಬೇಕು. ಅಂಥದ್ದು ತೋರಿಸಿ,” ಎಂದು ಅಪ್ಪ ಹೇಳಿದ್ದೇ ತಡ, ಸೇಲ್ಸ್‌ಮನ್ ಕೀ ಕೊಟ್ಟ ಗೊಂಬೆಯ ಹಾಗೆ ಶುರುಮಾಡಿಕೊಂಡ. ಅಂಗಡಿಯ ಗೋಡೆಯುದ್ದಕ್ಕೂ ಹನ್ನೆರಡು ಮಾನಿಟರ್‌ಗಳು. ಹನ್ನೆರಡರಲ್ಲೂ ಒಂದೇ ಕೆಂಪು ಗಿಳಿ ಒಂದೇ ಕೊಂಬೆಯ ಮೇಲೆ ಕೂತು ರೆಕ್ಕೆ ಬಿಚ್ಚುತ್ತಿತ್ತು.

“ಆಫೀಸಿಗೆ ಅಂದ್ರೆ ಏನು ಕೆಲಸ ಸರ್?”

“ಹೀಗೇ... ಫೈಲ್ ನೋಡೋದು,” ಎಂದ ಅಪ್ಪ. ಪಕ್ಕದಲ್ಲಿದ್ದ ಮಗಳು ಗಿಳಿಯನ್ನೇ ನೋಡುತ್ತಿದ್ದಳು.

ಎರಡು ವರ್ಷದಿಂದ ಮನೆಯಲ್ಲೂ ಅವನು ಹೇಳಿಕೊಂಡು ಬಂದ ಸುಳ್ಳು ಅದೇ. ಜನ ಇಂಟರ್ನೆಟ್ಟಿಗೆ ಹಾಕುವ ವಿಡಿಯೋಗಳಲ್ಲಿ ದೂರು ಬಂದವುಗಳನ್ನು ಮನೆಯಲ್ಲೇ ಕೂತು ನೋಡಿ, ಇಡಬೇಕೋ ತೆಗೆಯಬೇಕೋ ಎಂದು ಗುಂಡಿ ಒತ್ತುವುದು ಅವನ ಕೆಲಸ. ದೂರು ಯಾತಕ್ಕೆ ಬಂದಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕತ್ತಿ, ಬೆಂಕಿ, ರಸ್ತೆಯಲ್ಲಿ ಬಿದ್ದವರು, ಬಿದ್ದವರ ಮೇಲೆ ಮತ್ತೊಮ್ಮೆ ಹತ್ತಿದ ಗಾಡಿ. ದಿನಕ್ಕೆ ನಾನೂರು ಮುಗಿಯಬೇಕು, ಯಾವ ಹೊತ್ತಿನಲ್ಲಿ ನೋಡಿದರೂ ಸರಿ. ನಾಲ್ಕು ತಿಂಗಳ ಹಿಂದೆ ಇನ್ನೂರೈವತ್ತು ದಾಟುವುದೇ ಕಷ್ಟವಾಗಿ, “ಇನ್ನೊಂದು ತಿಂಗಳು ನೋಡ್ತೀವಿ, ಆಮೇಲೆ ನಮ್ಮ ಕೈಯಲ್ಲಿಲ್ಲ,” ಎಂದು ಮೇಲ್ವಿಚಾರಕಿಯ ಪತ್ರ ಬಂದಿತ್ತು. ಆಮೇಲೆ ಅದು ಹೇಗೋ ನಾನೂರು ಮುಟ್ಟಿತು. ಎಷ್ಟು ನೋಡಿದೆನೆಂದು ಎಣಿಸುವುದನ್ನು ಅವನು ಎಂದೋ ಬಿಟ್ಟಿದ್ದ, ದಿನದ ಕೊನೆಗೆ ಬರುವ ಅಂಕಿಯನ್ನಷ್ಟೇ ನೋಡುತ್ತಿದ್ದ. ಮನಸ್ಸು ಕಲ್ಲಾಗಿದೆ, ಸದ್ಯ ಬದುಕಿಕೊಂಡೆ ಎಂದುಕೊಂಡ.

ಹಳೆಯ ಪರದೆಯ ತುಂಬ ಗೆರೆ ಬಿದ್ದು ಹೊಸದು ತರಲೇಬೇಕಾದಾಗ, “ಗೇಮ್‌ಗೂ ಆಗೋ ಥರದ್ದು ತಗೊಳ್ಳೋಣ ಅಪ್ಪ,” ಎಂದವಳು ಮಗಳು. ಕಾಲೇಜಿನಿಂದ ಬಂದವಳೇ ಬಾಗಿಲು ಹಾಕಿಕೊಂಡು ಅಪ್ಪನ ಕಂಪ್ಯೂಟರಿನ ಮುಂದೆ ಗೇಮ್ ಆಡುತ್ತ ಕೂರುತ್ತಾಳೆಂದು ಅವಳಮ್ಮನ ಗೊಣಗಾಟ. ಅಪ್ಪನಿಗೆ ಮಾತ್ರ ಒಳಗೊಳಗೇ ಸಮಾಧಾನ. ಆ ಕುರ್ಚಿಯಲ್ಲಿ ಕೂತು ನಗುವವರೂ ಒಬ್ಬರಿದ್ದಾರಲ್ಲ!

“ಇದನ್ನ ನೋಡಿ ಸರ್,” ಸೇಲ್ಸ್‌ಮನ್ ನಾಲ್ಕನೆಯದರ ಬೆನ್ನು ತಟ್ಟಿದ. “ಎಷ್ಟೇ ಜೋರಾಗಿ ಓಡಾಡಿದ್ರೂ ಚಿತ್ರ ಮಸುಕಾಗಲ್ಲ. ಇದರಲ್ಲಿ ಕೆಂಪು ಅಂದ್ರೆ ಕೆಂಪು! ಆ ಕಡೇದರಲ್ಲಿ ಅದೇ ಕೆಂಪು ಇಟ್ಟಿಗೆ ಥರ ಕಾಣುತ್ತೆ.”

“ಇಟ್ಟಿಗೆ ಥರದ್ದೇ ಇರಲಿ,” ಎಂದ ಅಪ್ಪ.

“ಅಯ್ಯೋ, ಗೇಮ್ ಆಡೋರು ಅದನ್ನ ಮುಟ್ಟೋದೂ ಇಲ್ಲ ಸರ್. ಮೇಡಂ, ನೀವು ಯಾವ ಗೇಮ್ ಆಡ್ತೀರಾ?”

“ಎಲ್ಲಾ,” ಎಂದಳು ಮಗಳು.

“ಹಾಗಾದ್ರೆ ಒಂದು ಫೈಟಿಂಗ್ ಹಾಕ್ತೀನಿ, ನೀವೇ ಹೇಳಿ,” ಎಂದು ಅವನು ಲ್ಯಾಪ್‌ಟಾಪಿನಲ್ಲಿ ಹುಡುಕತೊಡಗಿದ.

ಅಷ್ಟರಲ್ಲಿ ಮಗಳ ಕೈ ಮಾನಿಟರಿನ ಅಡಿಗೆ ಹೋಯಿತು. ಅವಳು ಅತ್ತ ನೋಡಲೂ ಇಲ್ಲ. ಅಲ್ಲಿದ್ದ ಗುಂಡಿಯನ್ನು ಬೆರಳೇ ಹುಡುಕಿಕೊಂಡು ನಾಲ್ಕೈದು ಸಲ ಒತ್ತಿ, ಬಣ್ಣವನ್ನು ಸೊನ್ನೆಗೆ ಇಳಿಸಿತು. ಗಿಳಿ ಬೂದುಬಣ್ಣಕ್ಕೆ ತಿರುಗಿತು. ಮರುಕ್ಷಣ ಗೇಮ್ ಶುರುವಾಗಿ, ಪರದೆಯ ಮೇಲೆ ಒಬ್ಬ ಇನ್ನೊಬ್ಬನ ಎದೆಗೆ ಭರ್ಜಿ ಚುಚ್ಚಿದ. ಅವಳು ಮಾತ್ರ ಮುಖ ಕೊಂಚ ಓರೆಮಾಡಿ ಪರದೆಯ ಮೂಲೆಯನ್ನು ನೋಡುತ್ತ, ಮೇಜಿನ ಮೇಲೆ ತೋರುಬೆರಳು ಒತ್ತಿದಳು. ತೆಗೆ.

ಅಪ್ಪ ಆ ಬೆರಳನ್ನೇ ನೋಡಿದ. ಬಣ್ಣ ಕಳೆದರೆ ರಕ್ತವೂ ಬರೀ ನೀರು ಚೆಲ್ಲಿದ ಹಾಗಿರುತ್ತದೆ, ನೋಡಿದ್ದು ರಾತ್ರಿ ಬೆನ್ನು ಹತ್ತುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಹಳಬನೊಬ್ಬ ಅವನಿಗೆ ಗುಟ್ಟಾಗಿ ಹೇಳಿಕೊಟ್ಟ ಉಪಾಯ ಅದು. ಈ ಕೆಲಸ ಮಾಡದವರು ಯಾರೂ ಹಾಗೆ ಮಾಡುವುದಿಲ್ಲ. ಯಾರಿಗೂ ಅದರ ಅಗತ್ಯವೇ ಇಲ್ಲ.

“ಅರೆ, ಬಣ್ಣ ಹೋಯ್ತಲ್ಲ! ಕೇಬಲ್ ಲೂಸಾಗಿರಬೇಕು, ಬೇರೆ ತರ್ತೀನಿ ಇರಿ,” ಎಂದು ಸೇಲ್ಸ್‌ಮನ್ ಒಳಗೋಡಿದ.

ಮಗಳು ಕೈ ಹಿಂದಕ್ಕೆಳೆದುಕೊಂಡಳು. ತಡವಾಗಿತ್ತು.

“ಯಾವಾಗಿಂದ?”

“ಅವರು ವಾರ್ನಿಂಗ್ ಕೊಟ್ಟಾಗಿಂದ. ಆ ಪತ್ರ ನೋಡ್ಬಿಟ್ಟೆ. ಮಧ್ಯಾಹ್ನ ನೀನು ಮಲಗಿದ ಮೇಲೆ.”

“ಪಾಸ್‌ವರ್ಡ್?”

“ನನ್ನ ಹುಟ್ಟಿದ ದಿನ ತಾನೇ ಅಪ್ಪ?”

“ಮತ್ತೆ, ಗೇಮ್?”

“ನನಗೆ ಯಾವ ಗೇಮೂ ಬರಲ್ಲ. ಬಾಗಿಲು ಯಾಕೆ ಹಾಕ್ಕೋತೀಯ ಅಂತ ಅಮ್ಮ ಕೇಳ್ತಾಳಲ್ಲ, ಅದಕ್ಕೆ ಹಾಗಂದೆ.” ಅವಳ ದನಿ ಇಳಿಯಿತು. “ದಿನಕ್ಕೆ ನೂರೈವತ್ತು ಅಷ್ಟೇ. ಅಭ್ಯಾಸ ಆಗಿದೆ.”

ಅಭ್ಯಾಸ ಆಗಿದೆ ಎಂದು ಇಪ್ಪತ್ತು ವರ್ಷದ ಹುಡುಗಿ ಹೇಳಿದಳು. ಅವನಿಗೆ ಕೂಗಾಡಬೇಕೆನ್ನಿಸಿತು, ಅಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಡಬೇಕೆನ್ನಿಸಿತು. ನಾಳೆಯಿಂದ ಆ ಕೋಣೆಗೆ ಕಾಲಿಟ್ಟರೆ ನೋಡು ಎಂದು ಹೇಳಲು ಬಾಯಿ ತೆರೆದ. ಆದರೆ ಆ ಮಾತಿಗಿಂತ ಮುಂಚೆ ತಲೆ ನಾನೂರರಲ್ಲಿ ನೂರೈವತ್ತನ್ನು ಕಳೆದಿತ್ತು. ಉಳಿದದ್ದರಲ್ಲಿ ಕೆಲಸ ಉಳಿಯುವುದಿಲ್ಲ. ಮಗಳಿಗಿಂತ ಮೊದಲು ಆ ಲೆಕ್ಕ ನೆನಪಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೇಳಬೇಕೆಂದದ್ದನ್ನು ಬಿಟ್ಟು ಕೇಳಿದ, “ಶಬ್ದ? ಅದನ್ನೂ ತೆಗೀತೀಯ ತಾನೇ?”

“ಇಲ್ಲ. ಪೂರ್ತಿ ಕೇಳಿಸ್ಕೋಬೇಕು ಅಂತ ರೂಲ್ಸಲ್ಲಿದೆಯಲ್ಲ.”

“ಯಾರೂ ಕೇಳಿಸ್ಕೊಳ್ಳಲ್ಲ ಪುಟ್ಟಿ,” ಎಂದ ಅಪ್ಪ. “ಬಣ್ಣ ಆಮೇಲೆ. ಮೊದಲು ಶಬ್ದ ತೆಗೀಬೇಕು.”

ಅವಳು ತಲೆಯಾಡಿಸಿದಳು, ಪಾಠ ಕೇಳಿಸಿಕೊಳ್ಳುವವಳ ಹಾಗೆ.

ಸೇಲ್ಸ್‌ಮನ್ ಹೊಸ ಕೇಬಲ್ ಹಿಡಿದು ಬಂದ. ಸಿಕ್ಕಿಸಿದ, ಏನೋ ಒತ್ತಿದ, ಗೇಮ್ ಹೋಗಿ ಗಿಳಿ ಮತ್ತೆ ಕೆಂಪಗೆ ಕಾಣಿಸಿತು. “ನೋಡಿದ್ರಾ, ಹೇಗೆ ಜೀವ ಬಂತು! ಇದನ್ನೇ ಪ್ಯಾಕ್ ಮಾಡ್ಲಾ ಸರ್? ಒಳಗೇ ಸ್ಪೀಕರ್ ಬೇರೆ ಇದೆ, ಎರಡೂ ಕಡೆ. ಪಿಸುಗುಟ್ಟಿದ್ರೂ ಕೇಳಿಸುತ್ತೆ.”

“ಸ್ಪೀಕರ್ ಇಲ್ಲದ್ದು ಕೊಡಿ,” ಎಂದ ಅಪ್ಪ.