ನುಣ್ಣನೆಯ ಒಪ್ಪಿಗೆ

ಮಹಡಿ ಮನೆಯ ಸಾಹುಕಾರರ ಬಲಗೆನ್ನೆಯ ಕ್ಷೌರ ಮುಗಿದಿತ್ತು. ಎಡಗೆನ್ನೆಯ ನೊರೆಗೆ ಕತ್ತಿ ಇಡಬೇಕು ಅನ್ನುವಷ್ಟರಲ್ಲಿ ಕ್ಷೌರಿಕನ ಹೆಂಡತಿ ಅಂಗಡಿ ಬಾಗಿಲಿಗೆ ಬಂದು ನಿಂತಳು. ಪುರಸಭೆಯ ಶಿಶುವಿಹಾರದಲ್ಲಿ ಆಯಾ ಆಗಿದ್ದ ಆಕೆ ನಡುಮಧ್ಯಾಹ್ನ ಬೀದಿಗಿಳಿದದ್ದನ್ನು ಸೂರ್ಯನೂ ಅದುವರೆಗೆ ನೋಡಿರಲಿಲ್ಲ. ಯಾವುದೋ ಕೂಸು ಕಕ್ಕಿದ ಹಾಲು ಅವಳ ತೋಳಿನ ಮೇಲೆ ಇನ್ನೂ ಹಸಿಯಾಗಿತ್ತು.

"ರೀ, ನೀವು ವಾರದಿಂದ ಊರಿಗೆಲ್ಲ ಸಾರ್ತಾ ಇರೋ ಆ ತೆರಿಗೆ ಕಡಿತ ನಾಳೆ ಗೆದ್ದರೆ ನಮ್ಮ ಶಿಶುವಿಹಾರಕ್ಕೆ ಬೀಗ ಬೀಳುತ್ತೆ. ಈಗ ತಾನೇ ಪುರಸಭೆಯವರು ಬಂದು ಹೇಳಿ ಹೋದ್ರು."

ಗೆಲ್ಲುವುದರಲ್ಲಿ ಅನುಮಾನವೇ ಇರಲಿಲ್ಲ. ಮನೆ, ಅಂಗಡಿಗಳ ತೆರಿಗೆ ಅರ್ಧಕ್ಕೆ ಇಳಿಸಬೇಕೇ ಎಂದು ಮರುದಿನ ಬೆಳಿಗ್ಗೆ ಪುರಸಭೆಯ ಅಂಗಳದಲ್ಲಿ ಜನರನ್ನೇ ಕೇಳುವವರಿದ್ದರು. ಬೇಕೆನ್ನುವವರು ಕೈ ಎತ್ತಬೇಕು. ಗಿರಾಕಿಗಳ ಕಿವಿಗೆ ಒಂದು ಮಾತು ಹಾಕು ಅಂತ ಸಾಹುಕಾರರು ಕ್ಷೌರಿಕನಿಗೆ ಹೇಳಿದ್ದರು. ಹೇಳಿದ್ದೇ ತಡ. ಹಾರುವ ಸೊಳ್ಳೆಯನ್ನು ತಡೆದು ನಿಲ್ಲಿಸಿ ಮೀಸೆ ತಿದ್ದಿ ಕಳಿಸುವ ಕೈ ಅವನದು, ಸುಳ್ಳಾದರೆ ಸೊಳ್ಳೆಯನ್ನೇ ಕೇಳಿ. ನಾಲಿಗೆಯಂತೂ ಕೈಗಿಂತ ಹರಿತ. ಕುರ್ಚಿಗೆ ಬಂದವರಿಗೆಲ್ಲ ಅವನು ತೆರಿಗೆ ಕಡಿತದ ಮಹಿಮೆ ಬಿಡಿಸಿ ಹೇಳಿದ, ಒಬ್ಬನಾದರೂ ಎದುರಾಡಲಿಲ್ಲ. ಸ್ವಂತ ನೆರಳಿನ ಜೊತೆಗೂ ಜಗಳ ಕಾಯುವ ಬ್ರೆಡ್ ಅಂಗಡಿಯವನು ಕೂಡ ಹಾಲು ಕುಡಿದ ಕೂಸಿನ ಹಾಗೆ ಕೇಳಿ ಎದ್ದು ಹೋದ. ನನ್ನ ಮಾತಿಗೆ ಇಲ್ಲ ಅನ್ನೋ ಗಂಡಸು ಇನ್ನೂ ಹುಟ್ಟಿಲ್ಲ ಅಂತ ಕ್ಷೌರಿಕ ದಿನಾ ಸಂಜೆ ಮನೆಯಲ್ಲಿ ಎದೆಯುಬ್ಬಿಸುತ್ತಿದ್ದ. ಗಂಡಸು ಹುಟ್ಟದಿದ್ದರೆ ಹೋಗಲಿ, ಹೆಂಗಸು ಹುಟ್ಟಿ ಆಗಿದೆ ಅಂತ ಹೆಂಡತಿ ತಟ್ಟೆ ತಂದಿಡುತ್ತಿದ್ದಳು.

ಈಗ ಅವನು ಕತ್ತಿ ಕೆಳಗಿಟ್ಟು, ಇದು ನಿಜವೇ ಎಂದು ಸಾಹುಕಾರರನ್ನು ವಿನಯದಿಂದ ಕೇಳಿದ. ವರಮಾನ ಇಳಿದರೆ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಬೇಕಲ್ಲಪ್ಪ ಎಂದರು ಅವರು. ಸಾಹುಕಾರರಿಗೆಷ್ಟು ಉಳಿಯುತ್ತೆ ಎಂದು ಹೆಂಡತಿ ಕೇಳಿದಳು. ಹೆಚ್ಚೇನಿಲ್ಲ, ಒಂದು ಕಾರು ಬರಬಹುದು, ಸಣ್ಣದು, ಎಂದರು. ಅವರ ಮನೆಗೆ ಎಷ್ಟು ಕಿಟಕಿಗಳೆಂದರೆ, ಸಂಜೆ ಕೊನೆಯದನ್ನು ಮುಚ್ಚುವ ಹೊತ್ತಿಗೆ ಬೆಳಗಾಗಿ ಮೊದಲನೆಯದನ್ನು ತೆರೆಯಬೇಕಾಗುತ್ತಿತ್ತು. ಕ್ಷೌರಿಕನ ಅಂಗಡಿಯೋ, ಗಿರಾಕಿ ಸೀನಿದರೆ ಇವನು ಹೊರಗೆ ಹೋಗಿ ನಿಲ್ಲಬೇಕು. ಬಾಡಿಗೆಯ ಜೊತೆ ತಾನೇ ಕಟ್ಟುತ್ತಿದ್ದ ಅದರ ತೆರಿಗೆಯಲ್ಲಿ ಅರ್ಧ ಉಳಿದರೆ ಎಷ್ಟಾಯಿತೆಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಿಂಗಳಿಗೆ ಒಂದು ಟೀ. ಸಕ್ಕರೆಯ ದುಡ್ಡು ಕೈಯಿಂದ ಹಾಕಿಕೊಳ್ಳಬೇಕು.

ಸಾಹುಕಾರರು ಸಮಾಧಾನ ಹೇಳಿದರು. "ನನ್ನ ಕೈಲಿ ಉಳಿದ ದುಡ್ಡು ಎಲ್ಲಿಗಪ್ಪ ಹೋಗುತ್ತೆ? ತಿರುಗಿ ತಿರುಗಿ ಊರಿಗೇ ಬರುತ್ತೆ. ನಿನ್ನ ಅಂಗಡಿಗೂ ಬರುತ್ತೆ."

"ಹೇಗೆ ಬರುತ್ತೆ ಸಾಹುಕಾರ್ರೇ?" ಎಂದಳು ಹೆಂಡತಿ. "ದುಡ್ಡು ಉಳೀತು ಅಂತ ಗಡ್ಡ ದಿನಕ್ಕೆರಡು ಸಲ ಬೆಳೆಯುತ್ತಾ?"

ಸಾಹುಕಾರರು ನಕ್ಕರು, ನೊರೆ ಕನ್ನಡಿಗೆ ಹಾರಿತು. ಎಡಗೆನ್ನೆಯನ್ನೂ ಮಾಡಿಸಿಕೊಂಡು, ನಾಳೆ ಬೇಗ ಬಂದುಬಿಡು ಎಂದು ಕ್ಷೌರಿಕನ ಬೆನ್ನು ತಟ್ಟಿ ಹೋದರು. ಅವರು ಮರೆಯಾದ ಮೇಲೆ ಹೆಂಡತಿ ದನಿ ತಗ್ಗಿಸಿ, ಕೆಲಸಕ್ಕೆ ಹೋಗುವ ತಾಯಂದಿರು ಇನ್ನು ಕೆಲಸ ಬಿಡಬೇಕು, ಇಲ್ಲವೇ ಮಕ್ಕಳನ್ನು ಒಳಗೆ ಕೂರಿಸಿ ಚಿಲಕ ಹಾಕಿಕೊಂಡು ಹೋಗಬೇಕು, ತನ್ನ ಸಂಬಳದ ಮಾತು ಆಮೇಲೆ, ಎಂದಳು. ಅಂಗಡಿಯ ಬಾಡಿಗೆ ಹೋಗುತ್ತಿದ್ದದ್ದು ಆ ಸಂಬಳದಿಂದಲೇ. ಈ ಒಂದು ಸಂಗತಿಯ ಬಗ್ಗೆ ಮಾತ್ರ ಕ್ಷೌರಿಕ ಎಲ್ಲಿಯೂ ಜಂಬ ಕೊಚ್ಚಿದವನಲ್ಲ.

"ಅಷ್ಟೇ ತಾನೇ?" ಎಂದ ಅವನು. "ಒಪ್ಪಿಸಿದವನಿಗೆ ಅವರ ಬಾಯಲ್ಲೇ ಬೇಡ ಅನ್ನಿಸೋದು ಎಷ್ಟು ಹೊತ್ತಿನ ಕೆಲಸ? ಬರಲಿ ಒಬ್ಬೊಬ್ಬರೇ."

ಬಟ್ಟೆ ಕೊಡವಿ, ಬಿಸಿನೀರು ಕಾಯಿಸಿ, ಕುರ್ಚಿಯನ್ನು ಬಾಗಿಲಿಗೆ ತಿರುಗಿಸಿ ಕಾದ. ಯಾರೂ ಬರಲಿಲ್ಲ. ಬರುವುದಾದರೂ ಯಾಕೆ? ಸಭೆಯ ದಿನ ಊರು ಚೆಂದ ಕಾಣಲಿ ಎಂದು ಎಲ್ಲರನ್ನೂ ಕರೆಕರೆದು ಕೂರಿಸಿ ಬೋಳಿಸಿ ಕಳಿಸಿದ್ದವನು ಅವನೇ. ಅವನ ಕತ್ತಿ ಹಾದುಹೋದ ಜಾಗದಲ್ಲಿ ಮತ್ತೆ ತಲೆ ಎತ್ತಲು ಕೂದಲು ವಾರಗಟ್ಟಲೆ ಹಿಂದೆಮುಂದೆ ನೋಡುತ್ತಿತ್ತು. ಬೀದಿಯ ತುಂಬ ಕೆನ್ನೆಗಳು ಎಷ್ಟು ಹೊಳೆಯುತ್ತಿದ್ದವೆಂದರೆ, ಕಾಗೆಗಳು ಅವುಗಳಲ್ಲಿ ಮುಖ ನೋಡಿಕೊಂಡು ಪುಕ್ಕ ಸರಿಮಾಡಿಕೊಳ್ಳುತ್ತಿದ್ದವು.

ಸಂಜೆಯಾಗುತ್ತಾ ಬಂದಾಗ ಹೆಂಡತಿಯೇ ಅವನನ್ನು ಎಬ್ಬಿಸಿ ಹೊರಗೆ ದಬ್ಬಿದಳು. ಬರಿಗೈಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಅವನಿಗೆ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜೇಬಿಗೆ ತುರುಕಿಕೊಂಡು, ರಸ್ತೆ ದಾಟಿ, ಬ್ರೆಡ್ ಅಂಗಡಿಯವನ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದ: ತಾನು ಹೇಳಿದ್ದು ತಪ್ಪು, ಶಿಶುವಿಹಾರ ಮುಚ್ಚುತ್ತಾರೆ, ನಾಳೆ ದಯವಿಟ್ಟು ಕೈ ಎತ್ತಬೇಡ.

ಬ್ರೆಡ್ ಅಂಗಡಿಯವನು ಕೈಯ ಹಿಟ್ಟು ಒರೆಸಿಕೊಂಡು ಅವನನ್ನೇ ನೋಡಿದ.

"ನನ್ನ ಮೊಮ್ಮಗಳು ನಿನ್ನ ಹೆಂಡತಿಯ ತೊಡೆ ಮೇಲೇನೇ ಮಲಗೋದು ಅಣ್ಣ. ದುಡ್ಡು ಕಮ್ಮಿಯಾದ್ರೆ ಮೊದಲು ಮುಚ್ಚೋದು ಅದನ್ನೇ ಅಂತ ಅವತ್ತೇ ಹೇಳೋಣ ಅಂತಿದ್ದೆ," ಎಂದ. "ಆದ್ರೆ ನಿನ್ನ ಕತ್ತಿ ಮೂಗಿನ ಕೆಳಗಿತ್ತು. ಬಾಯಿ ತೆಗೆದಿದ್ರೆ ತುಟಿ ನಿನ್ನ ಕೈಗೆ ಬರ್ತಿತ್ತಲ್ಲ."